ಗಂಟಿ ಹೊಡೀತೇನು?

ನಮ್ಮತ್ತೆ ಮೂವತ್ತು ವರ್ಷಕ್ಕೂ ಮೇಲೆ ಡಾಕ್ಟರಾಗಿದ್ದವರು. ಆದರೆ ನಾನು ಹುಟ್ಟಿದಾಗಿನಿಂದ ಇಲ್ಲಿಯವರೆಗೆ ಒಂದೇ ಒಂದು ಸಲವೂ ನನ್ನನ್ನು ‘ಹೇಗಿದ್ದೀಯಾ’ ಎಂದು ಕೇಳಿದವರಲ್ಲ ಎಂದರೆ ನೀವು ನಂಬುತ್ತೀರಾ? ನನ್ನ ಫೋನು ಹೇಗಿದೆ ಎಂದು ಕೇಳುತ್ತಾರೆ. ಲ್ಯಾಪ್‌ಟಾಪಿನ ಕ್ಷೇಮಸಮಾಚಾರ ವಿಚಾರಿಸುತ್ತಾರೆ. ಒಮ್ಮೆ ನಮ್ಮ ಮನೆಯ ಪ್ರಿಂಟರು ಕೆಟ್ಟಿದೆ ಎಂದು ಕೇಳಿ, ವೆಂಬ್ಲಿಯ ತಮ್ಮ ಮನೆಯಿಂದ ನಾವಿರುವ ಹೇಸ್‌ಗೆ ಬಸ್ಸು ಬದಲಿಸಿಕೊಂಡು, ಮಳೆಯಲ್ಲಿ ನೆನೆದುಕೊಂಡು ಬಂದಿದ್ದರು. ಆಗ ನಾನು ನೂರಾ ಎರಡು ಡಿಗ್ರಿ ಜ್ವರದಲ್ಲಿ ಸೋಫಾದ ಮೇಲೆ ಬಿದ್ದಿದ್ದೆ. ನಮ್ಮತ್ತೆ ನನ್ನ ಕಾಲನ್ನು ಎತ್ತಿ ಪಕ್ಕಕ್ಕಿಟ್ಟು, ಪ್ರಿಂಟರಿನ ವೈರು ಸೋಫಾದ ಹಿಂದೆ ಎಲ್ಲಿ ಹೋಗಿದೆ ಎಂದು ನೋಡಿದರು!

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಧಾರವಾಡದವರು. ವಿಲಾಯತಿಗೆ ಬಂದು ಇಲ್ಲಿನ ಆಸ್ಪತ್ರೆಗಳಲ್ಲಿ ಲ್ಯಾಬಿನ ಡಾಕ್ಟರಾಗಿದ್ದರು. ಅಂದರೆ ರೋಗಿಯನ್ನು ನೋಡುವ ಡಾಕ್ಟರಲ್ಲ, ಗಾಜಿನ ಪಟ್ಟಿಯ ಮೇಲೆ ಸವರಿಕೊಂಡು ಬಂದ ರೋಗಿಯ ರಕ್ತವನ್ನು ನೋಡುವ ಡಾಕ್ಟರು. ಗಾಜಿನ ಪಟ್ಟಿಯನ್ನು ಯಾರೂ ‘ಊಟ ಆಯ್ತಾ’ ಎಂದು ಕೇಳುವುದಿಲ್ಲವಲ್ಲ? ಅದೇ ಅಭ್ಯಾಸ ಉಳಿದುಕೊಂಡಿದೆ ಎಂದು ನಮ್ಮಪ್ಪ ಸಮರ್ಥನೆ ಕೊಡುತ್ತಿದ್ದರು. ಅತ್ತೆ ಮದುವೆಯಾಗಲಿಲ್ಲ. ವೆಂಬ್ಲಿಯ ಸ್ಟೇಡಿಯಮ್ಮಿನ ಹತ್ತಿರ ಏಳನೆಯ ಮಹಡಿಯ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದಾರೆ.

ಅವರ ವಯಸ್ಸಿನ ಉಳಿದ ಡಾಕ್ಟರಮ್ಮಂದಿರು ನಿವೃತ್ತರಾದ ಮೇಲೆ ಭಜನೆ ಕಲಿತರು, ಕುಂಡದಲ್ಲಿ ಮೆಂತ್ಯ ಬೆಳೆದರು. ನಮ್ಮತ್ತೆ ಮಾತ್ರ ತಂತ್ರಾಂಶಗಳಲ್ಲಿ ಹುಳುಕು ಹುಡುಕಲು ಕೂತರು. ಅದರಲ್ಲೂ ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶಗಳಲ್ಲ. ಎಲ್ಲೆಲ್ಲಿಯವರೋ ಸೇರಿ, ತಮ್ಮ ಬಿಡುವಿನ ವೇಳೆಯಲ್ಲಿ ಬರೆದು, ಎಲ್ಲರಿಗೂ ಬಿಟ್ಟಿಯಾಗಿ ಹಂಚುವ ಓಪನ್ ಸೋರ್ಸ್ ತಂತ್ರಾಂಶಗಳು. ಅವನ್ನು ಬರೆಯುವವರು ಊಟ ಬಡಿಸುವುದಷ್ಟೇ ಅಲ್ಲ, ಅಡುಗೆಮನೆಯ ಬಾಗಿಲನ್ನೂ ತೆರೆದಿಟ್ಟಿರುತ್ತಾರೆ. ಯಾರು ಬೇಕಾದರೂ ಒಳಗೆ ಹೋಗಿ ಬಗ್ಗಿ ನೋಡಬಹುದು, ಉಪ್ಪು ಹೆಚ್ಚಾಗಿದ್ದರೆ ಹೇಳಬಹುದು. ಹೀಗೆ ಹೇಳುವುದಕ್ಕೆ ಬಗ್ ರಿಪೋರ್ಟ್ ಎನ್ನುತ್ತಾರೆ. ನಮ್ಮತ್ತೆ ದಿನಾ ಬೆಳಗ್ಗೆ ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು, ಕಾಫಿ ಲೋಟದೊಂದಿಗೆ ಆ ಅಡುಗೆಮನೆಗಳಿಗೆ ಹೋಗುತ್ತಾರೆ.

ಅದು ಅಲ್ಲಿಗೇ ನಿಂತಿದ್ದರೆ ನನಗೇನೂ ತಕರಾರಿರಲಿಲ್ಲ. ಆದರೆ ಹೊರಗಿನ ಪ್ರಪಂಚಕ್ಕೂ ಅವರು ಅದೇ ಕ್ರಮದಲ್ಲಿ ರಿಪೋರ್ಟ್ ಬರೆಯತೊಡಗಿದರು. ಒಂದು ಶನಿವಾರ ಅವರನ್ನು ಈಸ್ಟ್ ಹ್ಯಾಮ್‌ನ ಹೋಟೆಲೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಕುಂದಾಪುರದ ಕಡೆಯ ಮಾಲೀಕರು ಮೇಜಿನ ಹತ್ತಿರ ಬಂದು, ದೋಸೆ ಹೇಗಿತ್ತು ಎಂದು ನಗುತ್ತಾ ಕೇಳಿದರು. ನೀವು ನಾವು ಏನು ಹೇಳುತ್ತೇವೆ? ಚೆನ್ನಾಗಿತ್ತು ಎನ್ನುತ್ತೇವೆ. ನಮ್ಮತ್ತೆ ಕೈಚೀಲದಿಂದ ಪೆನ್ನು ತೆಗೆದರು. ಪೇಪರ್ ನ್ಯಾಪ್ಕಿನ್ ಮೇಲೆ ಬರೆದರು: ಮಧ್ಯಾಹ್ನ ಹನ್ನೆರಡು ನಲವತ್ತು. ಕಿಟಕಿ ಪಕ್ಕದ ಎರಡನೆಯ ಮೇಜು. ಮಸಾಲೆ ದೋಸೆ. ಆಗಬೇಕಾದದ್ದು, ಚಟ್ನಿ ದೋಸೆಯ ಪಕ್ಕದಲ್ಲಿ ನಿಲ್ಲಬೇಕು. ಆದದ್ದು, ಚಟ್ನಿ ಹರಿದು ದೋಸೆಯ ಕೆಳಗೆ ಹೋಯಿತು. ಕಳೆದ ಸಲ ಹನ್ನೊಂದು ಗಂಟೆಗೆ ಬಂದಾಗ ಹೀಗಾಗಿರಲಿಲ್ಲ.

ಮಾಲೀಕರ ನಗು ಅಲ್ಲೇ ಇಂಗಿಹೋಯಿತು. ಅವರು ನನ್ನ ಕಡೆ ಬಗ್ಗಿ, ಅಮ್ಮ ಹೋಟೆಲು ತಪಾಸಣೆಯ ಕೌನ್ಸಿಲ್‌ನವರಾ ಎಂದು ಪಿಸುಗುಟ್ಟಿದರು. ನನಗೆ ನಾಚಿಕೆಯಿಂದ ಬೆವರು ಬಂತು. ಅಷ್ಟರಲ್ಲಿ ಅತ್ತೆ ಎರಡನೆಯ ನ್ಯಾಪ್ಕಿನ್ ಎಳೆದುಕೊಂಡರು. ಸಾಂಬಾರು ಆರಿತ್ತಂತೆ! ಅದನ್ನೂ ಮೊದಲನೆಯದರಲ್ಲೇ ಬರೆಯಬಹುದಿತ್ತಲ್ಲ ಎಂದರೆ ನನ್ನನ್ನು ಕನಿಕರದಿಂದ ನೋಡಿದರು.

“ಒಂದು ರಿಪೋರ್ಟಿಗೆ ಒಂದ ವಿಷಯ ತಮ್ಮಾ. ಎರಡು ಕೂಡಿಸಿ ಬರದ್ರ ಒಂದನ್ನ ಸರಿ ಮಾಡಿ ಇನ್ನೊಂದನ್ನ ಮರೀತಾರ.”

ಎರಡು ವಾರದ ನಂತರ ಅದೇ ಮಾಲೀಕರು ನಮ್ಮನ್ನು ಬಾಗಿಲಲ್ಲೇ ಹಿಡಿದುಕೊಂಡರು. ಆ ನ್ಯಾಪ್ಕಿನ್ ಇಟ್ಟುಕೊಂಡು ಹನ್ನೆರಡೂವರೆಗೆ ಅಡುಗೆಮನೆಯಲ್ಲಿ ನಿಂತು ನೋಡಿದರಂತೆ. ಮೊದಲ ಸಲ ರುಬ್ಬಿದ ಚಟ್ನಿ ಆ ಹೊತ್ತಿಗೆ ಮುಗಿಯಲು ಬರುತ್ತಿತ್ತು, ಇನ್ನೊಂದು ಸಲ ರುಬ್ಬುವವರೆಗೆ ಅಡುಗೆಯವರು ನೀರು ಬೆರೆಸಿ ನಿಭಾಯಿಸುತ್ತಿದ್ದರು. ಇಷ್ಟು ವರ್ಷ ಜನ ‘ಚಟ್ನಿ ಸರಿಯಿಲ್ಲ’ ಎನ್ನುತ್ತಿದ್ದರೇ ಹೊರತು ಎಷ್ಟು ಗಂಟೆಗೆ ಎಂದು ಯಾರೂ ಹೇಳಿರಲಿಲ್ಲವಂತೆ. ಈಗ ನಮ್ಮತ್ತೆ ಹೋದರೆ ಅವರೇ ಚಟ್ನಿ ತಂದಿಟ್ಟು, ಅತ್ತೆ ನಾಲಿಗೆಗೆ ತಾಗಿಸಿ ತಲೆಯಾಡಿಸುವವರೆಗೆ ಕೈಕಟ್ಟಿ ನಿಂತಿರುತ್ತಾರೆ.

ಇಂಥ ಅತ್ತೆಯ ಕೈಗೆ ನಾನೇ ಸಿಕ್ಕಿಬಿದ್ದ ಕಥೆ ಹೇಳಬೇಕು.

ಹೋದ ವರ್ಷ ಸೆಪ್ಟೆಂಬರಿನಲ್ಲಿ ನನಗೆ ಎರಡು ಸಲ ಫಿಟ್ಸ್ ಬಂತು. ಮೊದಲನೆಯದು ವಿಮಾನ ನಿಲ್ದಾಣದ ಹತ್ತಿರದ ಗೋದಾಮಿನ ಆಫೀಸಿನಲ್ಲಿ, ಸರಕಿನ ಕಾಗದಪತ್ರ ನೋಡುತ್ತಾ ಕೂತಿದ್ದಾಗ. ಎರಡನೆಯದು ಮನೆಯಲ್ಲಿ, ಎಂಟು ವರ್ಷದ ಮಗಳ ಕಣ್ಣೆದುರಿಗೆ. ಮೊದಲನೆಯದನ್ನು ನಾನು ಮರೆಯಬಲ್ಲೆ, ಎರಡನೆಯದನ್ನು ಮರೆಯಲಾರೆ. ಎಚ್ಚರವಾದಾಗ ಅವಳು ನನ್ನ ತಲೆಯ ಕೆಳಗೆ ತನ್ನ ಶಾಲೆಯ ಕೋಟು ಮಡಿಸಿ ಇಟ್ಟಿದ್ದಳು. ಡಾಕ್ಟರು ಬೆಳಗ್ಗೆ ಎಂಟಕ್ಕೊಂದು ಸಂಜೆ ಎಂಟಕ್ಕೊಂದು ಗುಳಿಗೆ ಬರೆದುಕೊಟ್ಟರು. ಒಂದು ಹೊತ್ತಿನದೂ ತಪ್ಪಿಸಬಾರದು ಎಂದರು. ಕಾರಿನ ಲೈಸೆನ್ಸು ಹೋಯಿತು. ಮತ್ತೆ ಬೇಕೆಂದರೆ ಪೂರ್ತಿ ಒಂದು ವರ್ಷ ಫಿಟ್ಸ್ ಬಾರದೆ ಕಳೆಯಬೇಕು, ನಡುವೆ ಒಂದು ಸಲ ಬಂದರೂ ಲೆಕ್ಕ ಮೊದಲಿನಿಂದ ಶುರು.

ನಾನು ಹುಟ್ಟಾ ಅಂಜುಬುರುಕ. ಒಲೆ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ವಾಪಸ್ ಬರುವ ಜಾತಿ. ಅಂಥವನಿಗೆ ಇಂಥ ಕಾಯಿಲೆ! ಟ್ಯೂಬ್ ಸ್ಟೇಷನ್ನಿನಲ್ಲಿ ಬೆನ್ನನ್ನು ಗೋಡೆಗೆ ಅಂಟಿಸಿಕೊಂಡು ನಿಲ್ಲುತ್ತಿದ್ದೆ. ಬಚ್ಚಲಮನೆಯ ಚಿಲಕ ಹಾಕುತ್ತಿರಲಿಲ್ಲ. ಬೆರಳು ಸ್ವಲ್ಪ ಜುಮ್ಮೆಂದರೆ ಸಾಕು, ಇದು ಅದರ ಮುನ್ಸೂಚನೆಯೋ ಅಥವಾ ಕೈ ಮೇಲೆ ಕೂತುಬಿಟ್ಟಿದ್ದೆನೋ ಎಂದು ಅರ್ಧ ಗಂಟೆ ವಿಚಾರ ಮಾಡುತ್ತಿದ್ದೆ. ವಾರದ ಹೆಸರು ಬರೆದ ಗುಳಿಗೆ ಡಬ್ಬಿಯ ಮುಚ್ಚಳ ತೆಗೆದು, ಖಾಲಿಯಿದೆ ಎಂದು ಖಚಿತಪಡಿಸಿಕೊಂಡು, ಮುಚ್ಚಿದ ಮರುಕ್ಷಣವೇ ಅದು ನಿನ್ನೆಯ ಮನೆಯೋ ಇವತ್ತಿನದೋ ಎಂದು ಮತ್ತೆ ತೆಗೆಯುತ್ತಿದ್ದೆ.

ಇದರ ಮೇಲೆ ಊರೆಲ್ಲ ಸೇರಿ ಕೇಳುವುದು ಬೇರೆ. ಬೆಳಗ್ಗೆ ಹೆಂಡತಿ, ಗುಳಿಗೆ ಆಯ್ತಾ? ಧಾರವಾಡದಿಂದ ವಿಡಿಯೋದಲ್ಲಿ ಅಮ್ಮ, ಗುಳಿಗಿ ತೊಗೊಂಡ್ಯಾ? ಶಾಲೆಗೆ ಹೊರಟ ಮಗಳು ಬಾಗಿಲಿನಿಂದ, ಪಪ್ಪಾ, ಟ್ಯಾಬ್ಲೆಟ್? ಪ್ರೀತಿಯಿಂದಲೇ ಕೇಳುತ್ತಿದ್ದರು, ನನಗೆ ಗೊತ್ತಿಲ್ಲವೇ? ಆದರೆ ಒಬ್ಬೊಬ್ಬರು ಕೇಳಿದಾಗಲೂ ನಾನು ಇನ್ನೊಂದು ಸಲ ರೋಗಿಯಾಗುತ್ತಿದ್ದೆ. ಕೊನೆಗೆ ದೀಪಾವಳಿಗೆಂದು ಅತ್ತೆಯ ಫ್ಲ್ಯಾಟಿನಲ್ಲಿ ಎಲ್ಲರೂ ಸೇರಿದ್ದಾಗ, ಯಾರೋ ಕೋಸಂಬರಿ ಬಡಿಸುತ್ತಾ ಅದನ್ನೇ ಕೇಳಿದರು. ನಾನು ತಟ್ಟೆ ನೂಕಿ ಎದ್ದು ನಿಂತೆ. ಇನ್ನು ಮೇಲೆ ಈ ಗುಳಿಗೆಯ ಸುದ್ದಿಯನ್ನು ಯಾರಾದರೂ ನನ್ನ ಹತ್ತಿರ ಎತ್ತಿದರೆ ಅವರೊಂದಿಗೆ ಮಾತು ಬಿಡುತ್ತೇನೆ ಎಂದು ಕಿರುಚಿದೆ. ಮಗಳು ಅಳತೊಡಗಿದಳು. ಹಬ್ಬದ ಮನೆ ತಣ್ಣಗಾಯಿತು.

ಅತ್ತೆ ಅಡುಗೆಮನೆಯಲ್ಲಿ ಚಕ್ಕುಲಿ ಕರಿಯುತ್ತಿದ್ದರು. ಬಂದು ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ಎಣ್ಣೆಗೈ ಒರೆಸಿಕೊಂಡು ನನ್ನ ಫೋನು ಕೇಳಿದರು. ಗುಳಿಗೆಯ ಹೊತ್ತಿಗೆ ಗಂಟೆ ಹೊಡೆಯುವ ಒಂದು ಆ್ಯಪ್ ಹಾಕಿಕೊಟ್ಟರು. ಅದೂ ಓಪನ್ ಸೋರ್ಸ್. ಜಾಹೀರಾತು ಇಲ್ಲ, ಯಾರಿಗೂ ನಿನ್ನ ಸುದ್ದಿ ಹೇಳುವುದಿಲ್ಲ ಎಂದಷ್ಟೇ ಹೇಳಿ ಮತ್ತೆ ಬಾಣಲೆಯ ಹತ್ತಿರ ಹೋದರು. ನನಗೂ ಅದೇ ಬೇಕಿತ್ತು. ಮನುಷ್ಯರು ಕೇಳುವುದಕ್ಕಿಂತ ಯಂತ್ರ ಕೇಳುವುದು ಎಷ್ಟೋ ವಾಸಿ ಅಲ್ಲವೇ?

ಡಿಸೆಂಬರಿನ ಒಂದು ಬೆಳಗ್ಗೆ ಆ ಗಂಟೆ ಹೊಡೆಯಲಿಲ್ಲ.

ಗೊತ್ತಾದದ್ದು ಆಫೀಸಿನಲ್ಲಿ, ಹನ್ನೊಂದು ಗಂಟೆಗೆ. ಚೀಲದಲ್ಲಿದ್ದ ಗುಳಿಗೆ ನುಂಗಿದೆ, ಆದರೆ ಮೂರು ಗಂಟೆ ತಡವಾಗಿತ್ತಲ್ಲ? ಈಗ ಬಿದ್ದರೆ ಕುರ್ಚಿಯಿಂದ ಬೀಳುವುದು ಬೇಡ ಎಂದುಕೊಂಡು ಮೊದಲೇ ನೆಲದ ಮೇಲೆ ಕೂತುಬಿಟ್ಟೆ. ಪಕ್ಕದ ಮೇಜಿನ ಸಹೋದ್ಯೋಗಿ ನಾನೇನೋ ಬೀಳಿಸಿಕೊಂಡು ಹುಡುಕುತ್ತಿದ್ದೇನೆಂದು ತಿಳಿದು, ತಾನೂ ಮಂಡಿಯೂರಿ ಮೇಜಿನ ಕೆಳಗೆಲ್ಲ ತಡಕಾಡಿದ. ಪಾಪ, ಹತ್ತು ನಿಮಿಷ ಹುಡುಕಿ ಒಂದು ಪೆನ್ನಿನ ಮುಚ್ಚಳ ಕೊಟ್ಟ. ನಾನು ಥ್ಯಾಂಕ್ಸ್ ಹೇಳಿ ಇಟ್ಟುಕೊಂಡೆ.

ಅವತ್ತು ಏನೂ ಆಗಲಿಲ್ಲ. ಆದರೆ ಮುಂದಿನ ವಾರ ಇನ್ನೊಂದು ಬೆಳಗ್ಗೆ ಮತ್ತೆ ಹೊಡೆಯಲಿಲ್ಲ. ಮೂರು ತಿಂಗಳು ಎಣಿಸಿ ಎಣಿಸಿ ದಾಟಿದ್ದೆ, ಎಲ್ಲ ಒಂದು ಪುಕ್ಕಟೆ ಆ್ಯಪ್‌ನಿಂದ ಮಣ್ಣುಪಾಲಾಗುವುದರಲ್ಲಿತ್ತು. ಸಿಟ್ಟು ನೆತ್ತಿಗೇರಿತು. ಆ್ಯಪ್ ಬರೆದವರಿಗೆ ಕಳಿಸಲೆಂದು, ಇದು ಕೆಲಸಕ್ಕೆ ಬಾರದ ಆ್ಯಪ್, ಇದರಿಂದ ಜನ ಸಾಯುತ್ತಾರೆ, ನಾಚಿಕೆಯಾಗಬೇಕು ಎಂದು ಬರೆದು, ಕೊನೆಯಲ್ಲಿ ಏಳೆಂಟು ಆಶ್ಚರ್ಯಸೂಚಕ ಚಿಹ್ನೆ ಹಾಕಿ, ಅತ್ತೆಗೂ ತೋರಿಸಿದೆ. ಅವರ ಮೆಚ್ಚುಗೆ ಬೇಕಿತ್ತೋ ಏನೋ.

ಅತ್ತೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

“ಇದು ರಿಪೋರ್ಟ್ ಅಲ್ಲ ತಮ್ಮಾ, ಶಾಪ. ಶಾಪಾ ಓದಿ ಯಾರಿಗೂ ರಿಪೇರಿ ಮಾಡ್ಲಿಕ್ಕೆ ಬರಂಗಿಲ್ಲ.”

ಆಮೇಲೆ ವಿಚಾರಣೆ ಶುರುವಾಯಿತು. ಗಂಟೆ ಹೊಡೆಯಲಿಲ್ಲ ಎಂದರೆ ಏನರ್ಥ? ಹೊಡೆದದ್ದು ನನಗೆ ಕೇಳಿಸಲಿಲ್ಲವೋ, ಹೊಡೆದೇ ಇಲ್ಲವೋ? ಅವೆರಡೂ ಬೇರೆ ಬೇರೆ ರೋಗಗಳಂತೆ. ಪರದೆಯ ಮೇಲೆ ಏನಾದರೂ ಕಂಡಿತೇ? ಫೋನು ಯಾವುದು, ಆ್ಯಪ್‌ನ ವರ್ಷನ್ ಯಾವುದು? ಹಿಂದಿನ ಸಂಜೆ ಗಂಟೆ ಹೊಡೆದಿತ್ತೇ, ಹೊಡೆದಾಗ ನಾನು ಏನು ಒತ್ತಿದೆ? ಬಹುಶಃ ಇಲ್ಲಿನ ಚಳಿಗೆ ಫೋನು ಹಾಳಾಗಿರಬೇಕು ಎಂದು ನಾನು ನನ್ನ ಪಾಂಡಿತ್ಯ ತೋರಿಸಲು ಹೋದೆ. “ನಿನಗ ಏನ ಅನಸ್ತದ ಅದನ್ನ ಬರೀಬ್ಯಾಡ. ಏನ ಕಂಡಿ, ಅದನ್ನಷ್ಟ ಬರಿ,” ಎಂದರು.

ಇಷ್ಟಾದ ಮೇಲೂ ಕಳಿಸಿದರೇ? ಇಲ್ಲ! ಇದೇ ದೂರನ್ನು ಬೇರೆ ಯಾರಾದರೂ ಮೊದಲೇ ಕೊಟ್ಟಿದ್ದಾರೋ ಎಂದು ನೋಡದೆ ಕೊಡುವುದು ಅವರ ಪ್ರಕಾರ ಮಹಾ ಅಶಿಸ್ತು. ಮೂರು ದಿನ ಕೂತು ಹಳೆಯ ರಿಪೋರ್ಟುಗಳನ್ನೆಲ್ಲ ಓದಿದರು. ನಾನೂ ಓದಲು ಶುರುಮಾಡಿದ್ದೆ. ಯಾರದೋ ಫೋನಿನಲ್ಲಿ ಗಂಟೆ ಎರಡು ಸಲ ಹೊಡೆಯುತ್ತಿತ್ತು, ಇನ್ನಾರದೋ ಗುಳಿಗೆಯ ಹೆಸರೇ ಮಾಯವಾಗಿತ್ತು. ಪ್ರತಿಯೊಂದನ್ನು ಓದಿದಾಗಲೂ ನನ್ನ ಫೋನಿಗೂ ಅದೇ ಆಗಿದೆ ಎನಿಸಿ, ಅತ್ತೆಗೆ ಫೋನು ಮಾಡುತ್ತಿದ್ದೆ. ಅವರು ನಾಲ್ಕನೆಯ ಫೋನಿಗೆ, ಆ ಪುಟವನ್ನು ಇನ್ನು ಮೇಲೆ ತೆಗೆಯಕೂಡದು, ಏನಿದ್ದರೂ ತಾವೇ ತಿಳಿಸುತ್ತೇವೆ ಎಂದು ಅಪ್ಪಣೆ ಮಾಡಿದರು. ನಾನು ಆಣೆಯಿಟ್ಟು ಒಪ್ಪಿಕೊಂಡೆ.

ಅಂತೂ ಅಣ್ಣನ ಮಗನ ಫೋನಿನಲ್ಲಿ ಹೀಗಾಗಿದೆ ಎಂದು ರಿಪೋರ್ಟು ಹೋಯಿತು. ನಾಲ್ಕು ದಿನಕ್ಕೆ ಆ್ಯಪ್ ನೋಡಿಕೊಳ್ಳುವವನ ಉತ್ತರ ಬಂತು: ನನ್ನ ಫೋನಿನಲ್ಲಿ ಹೀಗಾಗುತ್ತಿಲ್ಲ. ನನಗೆ ಮೈ ಉರಿದುಹೋಯಿತು. ನಾನೇನು ಸುಳ್ಳು ಹೇಳುತ್ತಿದ್ದೇನೆಯೇ? ಅತ್ತೆಗೆ ಸಿಟ್ಟೇ ಬರಲಿಲ್ಲ. ಆತ ಎಲ್ಲೋ ದಿನವಿಡೀ ಬೇರೆ ಕೆಲಸ ಮಾಡಿ, ಮನೆಗೆ ಬಂದು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಇದನ್ನು ನೋಡುತ್ತಾನೆ ಎಂದು ಅವರಿಗೆ ಗೊತ್ತಿತ್ತು.

“ಅವ ಸುಳ್ಳ ಹೇಳ್ಲಿಕತ್ತಿಲ್ಲ. ಅವನ ಮನಿಯೊಳಗ ಆಗಿಲ್ಲ, ಅಷ್ಟ. ಹೆಂಗ ಮಾಡಿದ್ರ ಆಗ್ತದ ಅಂತ ತೋರಿಸೂದು ನಮ್ಮ ಕೆಲಸ.”

ಅಂದಿನಿಂದ ದಿನಕ್ಕೆ ಎರಡು ಸಲ, ಎಂಟು ಗಂಟೆ ಎರಡು ನಿಮಿಷಕ್ಕೆ ಸರಿಯಾಗಿ, ನನಗೊಂದು ಮೆಸೇಜು ಬರತೊಡಗಿತು. ‘ಗಂಟಿ ಹೊಡೀತೇನು?’ ನಾನು ಉತ್ತರಿಸಬೇಕು: ಹೊಡೀತು, ಬ್ಯಾಟರಿ ಇಷ್ಟು, ಒತ್ತಿದ್ದು ಇಂಥದ್ದು. ತಾವೂ ಒಂದು ಹಳೆಯ ಫೋನಿನಲ್ಲಿ ಅದೇ ಆ್ಯಪ್ ಹಾಕಿಕೊಂಡು, ನನ್ನದೇ ಗುಳಿಗೆಯ ಹೆಸರು, ನನ್ನದೇ ಹೊತ್ತು ಬರೆದುಕೊಂಡು ಕೂತರು. ಎರಡು ವಾರವಾಯಿತು. ಗಂಟೆ ಒಂದು ಸಲವೂ ತಪ್ಪಲಿಲ್ಲ! ರೋಗಿ ಡಾಕ್ಟರ ಎದುರಿಗೆ ಬಂದ ಕೂಡಲೇ ಕೆಮ್ಮು ನಿಲ್ಲುವಂತೆ ಆ ಆ್ಯಪ್ ಸಾಧುವಾಗಿಬಿಟ್ಟಿತ್ತು.

ಅತ್ತೆ ನನ್ನ ಉತ್ತರಗಳನ್ನೆಲ್ಲ ಸಾಲಾಗಿ ಬರೆದು ನೋಡಿದರು. ನೋಡಿ, ಭಾನುವಾರ ಹೇಸ್‌ಗೆ ಬಂದು ನನ್ನ ಚೀಲ ತೆಗೆಸಿದರು. ಅದರಲ್ಲಿ ಒಂದು ಚಾರ್ಜರು, ಎರಡು ಪವರ್ ಬ್ಯಾಂಕು, ಅವು ಕೈಕೊಟ್ಟರೆ ಇರಲಿ ಎಂದು ಇನ್ನೊಂದು ವೈರು. ಎರಡನೆಯ ಸಲ ಗಂಟೆ ತಪ್ಪಿದಂದಿನಿಂದ ನಾನು ಭಯಕ್ಕೆ ಫೋನನ್ನು ಹಗಲಿಡೀ ಚಾರ್ಜಿನಲ್ಲೇ ಇಡುತ್ತಿದ್ದೆ. ಪ್ರತಿ ಉತ್ತರದಲ್ಲೂ ಬ್ಯಾಟರಿ ತೊಂಬತ್ತರ ಮೇಲೆ. ಅದಕ್ಕೂ ಮುಂಚೆ ಸಂಜೆ ಕೆಲಸದಿಂದ ಬರುವಾಗ ಎಷ್ಟಿರುತ್ತಿತ್ತು ಎಂದು ಕೇಳಿದರು. ಹತ್ತೋ ಹನ್ನೆರಡೋ ಇರುತ್ತಿತ್ತು. ಸಂಜೆ ಗಂಟೆ ಹೊಡೆದಾಗ ನಾನು ಬಸ್ಸಿನಲ್ಲಿದ್ದರೆ ‘ಸ್ವಲ್ಪ ಹೊತ್ತಾದ ಮೇಲೆ’ ಎಂಬುದನ್ನು ಒತ್ತಿ, ಮನೆಗೆ ಬಂದು ಗುಳಿಗೆ ನುಂಗುತ್ತಿದ್ದೆ. ಅತ್ತೆ ನನ್ನನ್ನೇ ನೋಡಿದರು. ನನ್ನ ಅಂಜಿಕೆಯೇ ರೋಗವನ್ನು ಮುಚ್ಚಿಟ್ಟಿತ್ತು.

ಅವತ್ತು ನಮ್ಮ ಅಡುಗೆಮನೆಯಲ್ಲಿ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ಜೀವ ಬಾಯಿಗೆ ಬರುತ್ತದೆ. ಎರಡೂ ಫೋನುಗಳ ಬ್ಯಾಟರಿಯನ್ನು ಬೇಕೆಂದೇ ಇಳಿಸುವುದು! ಟಾರ್ಚು ಹಚ್ಚಿದರು, ಪರದೆಯ ಬೆಳಕು ಪೂರ್ತಿ ಏರಿಸಿದರು, ಒಂದರಲ್ಲಿ ಕಾರ್ಟೂನು, ಇನ್ನೊಂದರಲ್ಲಿ ವಿಷ್ಣು ಸಹಸ್ರನಾಮ ಹಾಕಿದರು. ಮಗಳಿಗೆ ಅಷ್ಟು ಖುಷಿಯ ಭಾನುವಾರ ಇನ್ನೊಂದಿರಲಿಲ್ಲ. ನಲವತ್ತು, ಮೂವತ್ತು, ಇಪ್ಪತ್ತು ಎಂದು ಅವಳು ಕೂಗಿ ಹೇಳುತ್ತಿದ್ದರೆ ನನಗೆ ನನ್ನದೇ ನಾಡಿ ಇಳಿಯುತ್ತಿರುವಂತೆ ಅನಿಸುತ್ತಿತ್ತು. ಹೆಂಡತಿ ನನ್ನ ಕೈಗೆ ಒಂದು ಲೋಟ ಮಜ್ಜಿಗೆ ಕೊಟ್ಟಳು. ಹದಿನೈದಕ್ಕೆ ಇಳಿದಾಗ ಫೋನು ತಾನಾಗಿ ಬ್ಯಾಟರಿ ಉಳಿಸುವ ಕ್ರಮಕ್ಕೆ ಹೋಯಿತು. ಅತ್ತೆ ಐದೈದು ನಿಮಿಷಕ್ಕೊಂದು ಸುಳ್ಳು ಗುಳಿಗೆಯ ಹೊತ್ತು ಬರೆದಿದ್ದರು. ಮೊದಲ ಗಂಟೆ ಹೊಡೆಯಿತು. ‘ಸ್ವಲ್ಪ ಹೊತ್ತಾದ ಮೇಲೆ’ ಒತ್ತಿದರು. ನಾವು ನಾಲ್ವರೂ ಮೇಜಿನ ಸುತ್ತ ಉಸಿರು ಬಿಗಿಹಿಡಿದು ಕೂತೆವು. ಹೊತ್ತಾಯಿತು. ಹೊಡೆಯಲಿಲ್ಲ. ಅದರ ಮುಂದಿನದೂ ಹೊಡೆಯಲಿಲ್ಲ.

“ಬಂತು,” ಎಂದರು ಅತ್ತೆ. ನೆಂಟರು ಬಂದರೇನೋ ಎಂಬಷ್ಟು ಪ್ರೀತಿಯಿಂದ.

ಮೂರು ಸಲ ಮಾಡಿದರು, ಮೂರು ಸಲವೂ ಹಾಗೇ ಆಯಿತು. ಬ್ಯಾಟರಿ ಕಡಿಮೆಯಿದ್ದಾಗ ಮುಂದೂಡಿದ ಗಂಟೆ ಕಳೆದುಹೋಗುತ್ತಿತ್ತು, ಅದು ಹೊಡೆಯುವವರೆಗೆ ಕಾಯುತ್ತಾ ಮರುದಿನ ಬೆಳಗಿನದೂ ಸುಮ್ಮನೆ ಕೂತುಬಿಡುತ್ತಿತ್ತು. ಅತ್ತೆ ಅಲ್ಲೇ ಕೂತು, ಯಾರು ಓದಿದರೂ ತಾವೇ ಮಾಡಿ ನೋಡಬಹುದಾದಂತೆ ಆರು ಸಾಲು ಬರೆದರು. ನನ್ನ ಏಳೆಂಟು ಆಶ್ಚರ್ಯಸೂಚಕಗಳಲ್ಲಿ ಒಂದೂ ಅದರಲ್ಲಿರಲಿಲ್ಲ. ಸರಿಯಾಗುವವರೆಗೆ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಬಿಡಬೇಡ, ಆ ಗುಂಡಿ ಒತ್ತಬೇಡ ಎಂದು ನನಗೆ ಹೇಳಿ ಬಸ್ಸು ಹತ್ತಿದರು.

ಆಮೇಲೆ ಕಾಯುವ ಕಾಲ. ಸರಿಯಾಯಿತೇ ಎಂದು ನಾನು ಆಗಾಗ ಕೇಳುತ್ತಿದ್ದೆ. ಇನ್ನೂ ತೆರೆದೇ ಇದೆ ಎನ್ನುತ್ತಿದ್ದರು ಅತ್ತೆ. ಸರಿಪಡಿಸದ ರಿಪೋರ್ಟಿಗೆ ಅವರ ಭಾಷೆಯಲ್ಲಿ ‘ತೆರೆದದ್ದು’ ಎಂದು ಹೆಸರು. ಫೆಬ್ರವರಿ ಹೋಯಿತು, ಯುಗಾದಿ ಬಂದು ಹೋಯಿತು, ತೆರೆದದ್ದು ತೆರೆದೇ ಇತ್ತು. ಮೆಸೇಜು ಮಾತ್ರ ಒಂದು ಹೊತ್ತೂ ತಪ್ಪಲಿಲ್ಲ. ಗಂಟಿ ಹೊಡೀತೇನು? ನನಗೆ ಕೆಲವು ದಿನ ರೇಗಿಹೋಗುತ್ತಿತ್ತು. ಒಂದು ಆ್ಯಪ್‌ಗೋಸ್ಕರ ಯಾರಾದರೂ ಇಷ್ಟು ಒದ್ದಾಡುತ್ತಾರೆಯೇ, ಅತ್ತೆಗೆ ಬೇರೆ ಕೆಲಸವಿಲ್ಲವೇ ಎಂದು ಹೆಂಡತಿಯ ಹತ್ತಿರ ಗೊಣಗುತ್ತಿದ್ದೆ. ಅವಳು ಬೆಂಡೆಕಾಯಿ ಹೆಚ್ಚುತ್ತಾ ಸುಮ್ಮನೆ ನಗುತ್ತಿದ್ದಳು.

ಜೂನಿನಲ್ಲಿ ಒಂದು ಸಂಜೆ ಸ್ಟೇಡಿಯಮ್ಮಿನಲ್ಲಿ ಯಾವುದೋ ದೊಡ್ಡ ಸಂಗೀತ ಕಛೇರಿ. ಆ ಜನಜಂಗುಳಿಯಲ್ಲಿ ಅವರ ಕಟ್ಟಡದ ಲಿಫ್ಟು ನಾಲ್ಕು ಮತ್ತು ಐದನೆಯ ಮಹಡಿಯ ನಡುವೆ ಸಿಕ್ಕಿಕೊಂಡಿತು. ಒಳಗೆ ನಮ್ಮತ್ತೆ ಮತ್ತು ಮೈಗೆಲ್ಲ ಮಿಂಚುಪುಡಿ ಬಳಿದುಕೊಂಡ ನಾಲ್ಕು ಹುಡುಗಿಯರು. ಒಬ್ಬಳು ಅಳುತ್ತಿರುವುದನ್ನು ಕಂಡು, ಅಳು ಶುರುವಾದದ್ದು ಲಿಫ್ಟು ನಿಲ್ಲುವ ಮುಂಚೆಯೋ ಆಮೇಲೋ ಎಂದು ಅತ್ತೆ ವಿಚಾರಿಸಿದರಂತೆ! ಮುಂಚೆಯೇ ಎಂದಳಂತೆ, ಬಾಗಿಲಿಗೆ ಅವಳ ಚೀಲದ ಪಟ್ಟಿ ಸಿಕ್ಕಿತ್ತು. ಇದನ್ನೆಲ್ಲ ಅತ್ತೆ ಲಿಫ್ಟಿನವರಿಗೆ ಕ್ರಮವಾಗಿ ಹೇಳಿದ್ದರಿಂದ ಅವರು ಬಂದವರೇ ನೇರವಾಗಿ ಬಾಗಿಲಿಗೆ ಕೈ ಹಾಕಿ ಬಿಡಿಸಿದರು. ಇದು ನನಗೆ ಗೊತ್ತಾದದ್ದು ಮರುದಿನ. ಅವತ್ತು ಸಂಜೆ ಎಂಟು ಗಂಟೆ ಎರಡು ನಿಮಿಷಕ್ಕೆ, ಆ ಸಿಕ್ಕಿಕೊಂಡ ಲಿಫ್ಟಿನೊಳಗಿನಿಂದ ನನಗೆ ಬಂದದ್ದು ಒಂದೇ ಮಾತು. ಗಂಟಿ ಹೊಡೀತೇನು?

ಈ ಸೆಪ್ಟೆಂಬರಿಗೆ ವರ್ಷ ತುಂಬಿತು. ಒಂದೂ ಫಿಟ್ಸ್ ಇಲ್ಲ. ಅರ್ಜಿ ಹಾಕಿ, ಇಪ್ಪತ್ತು ದಿನ ಅಂಚೆಯವನ ದಾರಿ ನೋಡಿದ ಮೇಲೆ ಲೈಸೆನ್ಸು ವಾಪಸ್ ಬಂತು. ಮರುದಿನ ಭಾನುವಾರ. ಮಗಳನ್ನು ಭರತನಾಟ್ಯದ ಕ್ಲಾಸಿಗೆ ಕಾರಿನಲ್ಲೇ ಬಿಡಬೇಕಿತ್ತು. ಭಯಕ್ಕೆ ಏಳು ಗಂಟೆಗೇ ತಯಾರಾಗಿ ಕೂತಿದ್ದೆ. ಆಗ ಅನಿಸಿತು, ಆ ಆ್ಯಪ್ ನೋಡಿಕೊಳ್ಳುವ ಪುಣ್ಯಾತ್ಮನಿಗೆ ಒಂದು ಥ್ಯಾಂಕ್ಸ್ ಬರೆಯಬೇಕು. ಹುಳುಕು ಇನ್ನೂ ಇದ್ದರೇನಂತೆ, ಇಷ್ಟು ದಿನ ಕಾಪಾಡಿದ್ದು ಅದೇ ತಾನೇ? ಇಟ್ಟ ಆಣೆ ಮುರಿದು, ಅತ್ತೆಯ ರಿಪೋರ್ಟಿನ ಪುಟ ತೆರೆದೆ.

ರಿಪೋರ್ಟು ಮುಚ್ಚಿತ್ತು.

ಬೇರೆ ಯಾವುದನ್ನೋ ತೆಗೆದಿದ್ದೇನೆ ಎಂದುಕೊಂಡು ಮತ್ತೆ ನೋಡಿದೆ. ಅದೇ ಆರು ಸಾಲು, ಅದೇ ಆ್ಯಪ್. ಮುಚ್ಚಿದ್ದು ಫೆಬ್ರವರಿಯಲ್ಲಿ. ಅಂದರೆ ಏಳು ತಿಂಗಳ ಹಿಂದೆ! ಎರಡು ಫೋನಿನಲ್ಲಿ ಹತ್ತು ಸಲ ನೋಡಿದೆ, ಸರಿಯಾಗಿದೆ, ಮುಚ್ಚಬಹುದು ಎಂದು ಅತ್ತೆಯೇ ಬರೆದಿದ್ದರು. ಅದರ ಕೆಳಗೆ ಆತ ವಂದನೆ ಹೇಳಿ, ರಿಪೋರ್ಟಿಗೆ ಸಂಬಂಧವಿಲ್ಲದ ಒಂದು ಪ್ರಶ್ನೆ ಕೇಳಿದ್ದ: ನಿಮ್ಮ ಅಣ್ಣನ ಮಗ ಈಗ ಹೇಗಿದ್ದಾರೆ? ಸಂಬಂಧವಿಲ್ಲದ್ದನ್ನು ಬರೆದರೆ ಗದರುವ ನಮ್ಮತ್ತೆ ಅದಕ್ಕೂ ಉತ್ತರ ಕೊಟ್ಟಿದ್ದರು.

‘ಚೆನ್ನಾಗಿದ್ದಾನೆ. ದಿನಕ್ಕೆ ಎರಡು ಸಲ ವಿಚಾರಿಸುತ್ತೇನೆ. ನಾನು ಫೋನಿನ ಬಗ್ಗೆ ಕೇಳುತ್ತಿದ್ದೇನೆ ಎಂದು ತಿಳಿದುಕೊಂಡಿದ್ದಾನೆ.’

ಕಂಡದ್ದನ್ನು ಬಿಟ್ಟು ಒಂದಕ್ಷರ ಬರೆಯದ ನಮ್ಮತ್ತೆ ಏಳು ತಿಂಗಳಿಂದ ನನಗೆ ಸುಳ್ಳು ಹೇಳುತ್ತಾ ಬಂದಿದ್ದರು. ದೀಪಾವಳಿಯ ದಿನ ನಾನು ಕಿರುಚಿದ್ದು, ಅವರು ಎಣ್ಣೆಗೈ ಒರೆಸಿಕೊಂಡು ಬಂದದ್ದು ನೆನಪಾಯಿತು. ಗುಳಿಗೆಯ ಸುದ್ದಿ ಎತ್ತಬಾರದು ಎಂದಿದ್ದೆನಲ್ಲ, ಅವರು ಎತ್ತಿರಲಿಲ್ಲ. ಸಿಕ್ಕಿಕೊಂಡ ಲಿಫ್ಟಿನಲ್ಲಿ ನಿಂತವರು, ನನ್ನನ್ನು ಕೇಳಿದ್ದರು. ಅವರೊಬ್ಬರೇ ಆ ಏಳನೆಯ ಮಹಡಿಯಲ್ಲಿದ್ದಾರೆ, ನಾನು ಈ ಒಂದು ವರ್ಷದಲ್ಲಿ ಒಂದು ಸಲವಾದರೂ ಅವರನ್ನು ಹೇಗಿದ್ದೀರಿ ಎಂದು ಕೇಳಿದ್ದೆನೇ? ಇಲ್ಲ. ರಿಪೋರ್ಟು ಏನಾಯಿತು ಎಂದೇ ಕೇಳಿ ಫೋನಿಟ್ಟಿದ್ದೆ. ಕಣ್ಣಲ್ಲಿ ನೀರು ಬಂತು, ಮಗಳು ನೋಡಿಯಾಳೆಂದು ಒರೆಸಿಕೊಂಡೆ.

ಎಂಟು ಗಂಟೆ ಹೊಡೆಯಿತು. ಗುಳಿಗೆ ನುಂಗಿ ನೀರು ಕುಡಿದೆ. ಎರಡು ನಿಮಿಷಕ್ಕೆ ಸರಿಯಾಗಿ ಮೆಸೇಜು ಬಂತು.

‘ಗಂಟಿ ಹೊಡೀತೇನು?’

ನಾನು ಬರೆದೆ: ‘ಹೊಡೀತು. ಬ್ಯಾಟರಿ ಎಂಬತ್ತೊಂದು. ಗುಳಿಗಿ ತೊಗೊಂಡೆ ಅತ್ಯಾ. ನೀವು ಹೆಂಗದೀರಿ?’

ಓದಿದ ಗುರುತು ಮೂಡಿತು. ಅವರು ಬರೆಯುತ್ತಿರುವುದು ಕಂಡಿತು, ನಿಂತಿತು, ಮತ್ತೆ ಕಂಡಿತು. ಮೇಲಿನಿಂದ ಮಗಳು ಗೆಜ್ಜೆ ಹಿಡಿದುಕೊಂಡು ಇಳಿದು ಬಂದು, ಹೊರಡೋಣವೇ ಎಂದು ಬಾಗಿಲ ಹತ್ತಿರ ನಿಂತಳು. ಕೊನೆಗೆ ಉತ್ತರ ಬಂತು.

‘ಒಂದು ರಿಪೋರ್ಟಿಗೆ ಒಂದ ವಿಷಯ.’

ನಾನು ನಕ್ಕು ಕಾರಿನ ಕೀಲಿ ಎತ್ತಿಕೊಂಡೆ. ಬಾಗಿಲು ಎಳೆದುಕೊಳ್ಳುವಷ್ಟರಲ್ಲಿ ಜೇಬಿನಲ್ಲಿ ಫೋನು ಇನ್ನೊಂದು ಸಲ ಸದ್ದು ಮಾಡಿತು. ಬೇರೆಯೇ ಮೆಸೇಜು.

‘ಆರಾಮ ಇದ್ದೇನಿ ತಮ್ಮಾ. ಸಾವಕಾಶ ಓಡಸು.’